ಬಿಸಿ ತಾಗದ ಬೆರಳುಗಳು

ಇಸ್ತ್ರಿಯಜ್ಜಿಯನ್ನು ಕೆಣಕಿದವರು ಅದರ ಫಲವನ್ನು ಮೈಮೇಲೆ ತೊಟ್ಟುಕೊಂಡೇ ತಿರುಗಬೇಕಾಗುತ್ತಿತ್ತು.

ಆಗಿನ್ನೂ ಅವಳು ಅಜ್ಜಿಯಾಗಿರಲಿಲ್ಲ. ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಅವಳ ಅಂಗಡಿ. ಅಂಗಡಿ ಎಂದರೆ ಒಂದು ಮೇಜು, ಮೇಜಿನ ಮೇಲೆ ಮಡಚಿ ಹಾಸಿದ ಕಂಬಳಿ, ಕೆಂಡ ತುಂಬುವ ಭಾರದ ಇಸ್ತ್ರಿ ಪೆಟ್ಟಿಗೆ, ಗೋಡೆಗೆ ಹೊಡೆದ ಒಂದಷ್ಟು ಮೊಳೆ. ಮೆಟ್ಟಿಲಿಳಿದು ಬರುವವರ ಕಾಲು ಅವಳಿಗೆ ಮೊದಲು ಕಾಣುತ್ತಿತ್ತು, ಮುಖ ಆಮೇಲೆ. ಹಾಗಾಗಿ ಬಂದವರು ಬಾಯಿ ತೆರೆಯುವುದರೊಳಗೆ ಅವಳ ಉತ್ತರ ಸಿದ್ಧವಾಗಿರುತ್ತಿತ್ತು.

ಆ ಕಟ್ಟಡದಲ್ಲಿ ಒಬ್ಬ ಗುಮಾಸ್ತ ಇದ್ದ. ಬಟ್ಟೆ ಕೊಟ್ಟು ಅರ್ಧ ಮೆಟ್ಟಿಲು ಹತ್ತುವ ಮೊದಲೇ ಹಿಂತಿರುಗಿ, "ಇನ್ನೂ ಆಗಿಲ್ವಾ?" ಎನ್ನುವ ಆಸಾಮಿ. ಬಹಳ ಕಾಲ ಸಹಿಸಿಕೊಂಡ ಮೇಲೆ ಒಂದು ದಿನ ಅವಳು ಅವನ ಬಿಳಿ ಅಂಗಿಯ ಒಂದು ತೋಳಿಗೆ ಗಂಜಿಯನ್ನು ಧಾರಾಳವಾಗಿ ಬಳಿದು, ತೋಳಿನ ಎರಡು ಪದರವೂ ಅಂಟಿ ಒಂದಾಗುವಂತೆ ಇಸ್ತ್ರಿ ಎಳೆದಳು. ಮರುದಿನ ಬೆಳಿಗ್ಗೆ ಮೇಲಿನ ಮಹಡಿಯಿಂದ ಯಾರೋ ಕುಸ್ತಿ ಆಡುತ್ತಿರುವ ಸದ್ದು ಕೇಳಿಸಿತು. ಗುಮಾಸ್ತ ಒಂದು ತೋಳು ತೊಟ್ಟು, ಇನ್ನೊಂದನ್ನು ರಟ್ಟಿನ ಹಲಗೆಯ ಹಾಗೆ ಪಕ್ಕದಲ್ಲಿ ಚಾಚಿಕೊಂಡು ಇಳಿದುಬಂದ.

"ಏನಮ್ಮಾ ಇದು?"

"ಅವಸರದಲ್ಲಿ ಮಾಡಿದ್ದು ಸ್ವಾಮಿ," ಎಂದಳು ಅವಳು, ತಲೆ ಎತ್ತದೆ. "ನೀವು ಹೇಳಿದ ಹಾಗೇ."

ಜನ ಅವಳ ಅಂಗಡಿಯ ಮುಂದೆ ನಿಲ್ಲುತ್ತಿದ್ದದ್ದಕ್ಕೆ ಇನ್ನೊಂದು ಕಾರಣ ಅವಳ ಬೆರಳುಗಳು. ಇಸ್ತ್ರಿ ಪೆಟ್ಟಿಗೆಯ ಮುಚ್ಚಳವನ್ನು ಬರಿಗೈಯಲ್ಲೇ ಎತ್ತುತ್ತಿದ್ದಳು. ಕೆಂಡವೊಂದು ಹೊರಗೆ ಉರುಳಿದರೆ ಕಡಲೆಕಾಯಿ ಹೆಕ್ಕಿದಂತೆ ಹೆಕ್ಕಿ ಒಳಗೆ ಹಾಕುತ್ತಿದ್ದಳು. ನೋಡುವವರು "ಅಯ್ಯೋ!" ಎಂದಷ್ಟೂ ಅವಳಿಗೆ ಹುರುಪು. ಯಾರೂ ನೋಡದಿದ್ದಾಗ ಅವಳೂ ಎಲ್ಲರ ಹಾಗೆ ಇಕ್ಕಳ ಹಿಡಿಯುತ್ತಿದ್ದಳು ಎಂಬುದು ಮಗಳಿಗೆ ಮಾತ್ರ ಗೊತ್ತಿತ್ತು.

ಮಗಳು ತಾಯಿಯ ಕೈಯಲ್ಲಿ ಇಸ್ತ್ರಿಯಾಗಿ ಬಂದವಳ ಹಾಗೆ, ಎಲ್ಲೂ ಒಂದು ಸುಕ್ಕಿಲ್ಲ. ಹೇಳಿದ ಹೊತ್ತಿಗೆ ಏಳುವುದು, ಹೇಳಿದ ಜಾಗದಲ್ಲೇ ಚಪ್ಪಲಿ ಬಿಡುವುದು. ಓದಿ, ಶಿಶುವಿಹಾರದಲ್ಲಿ ಟೀಚರ್ ಆದಳು. ಅಳಿಯ ಲಾರಿ ಓಡಿಸುವವನು, ಮನೆಯಲ್ಲಿದ್ದದ್ದಕ್ಕಿಂತ ರಸ್ತೆಯಲ್ಲಿದ್ದದ್ದೇ ಹೆಚ್ಚು. ಮಂಡಿ ನೋವು ಎಂದು ಹೇಳಿ ಇಸ್ತ್ರಿಯಜ್ಜಿ ಅಂಗಡಿ ಮುಚ್ಚಿ ಮಗಳ ಮನೆಗೆ ಬಂದು ಕೂತಳು. ಕೂತಳು ಎನ್ನುವುದು ಮಾತಿಗೆ ಅಷ್ಟೇ. ಪಕ್ಕದ ಮನೆಯವರ ಕರೆಗಂಟೆ ಒತ್ತಿ ಬಂದು ಕಿಟಕಿಯಲ್ಲಿ ನಿಂತು ನೋಡುವುದು, ಮಗಳ ಟಿಫಿನ್ ಡಬ್ಬಿಯ ಮೇಲಿನ ತಟ್ಟೆಯಲ್ಲಿ ಬರೀ ಒಂದು ಮೆಣಸಿನಕಾಯಿ ಇಟ್ಟು ಊಟವನ್ನೆಲ್ಲ ಕೆಳಗಿನದರಲ್ಲಿ ಅಡಗಿಸುವುದು, ಹೀಗೆ ಕೈತುಂಬ ಕೆಲಸ ಇತ್ತು.

ಒಂದು ಸಂಜೆ ಮಗಳು ಜೋಲುಮುಖ ಹಾಕಿಕೊಂಡು ಬಂದಳು. ಆ ವಾರ ಶಿಶುವಿಹಾರದಲ್ಲಿ 'ಬಿಸಿ ಮತ್ತು ತಣ್ಣಗೆ' ಎಂಬ ಪಾಠ. ದೊಡ್ಡ ಹಾಳೆಯ ಒಂದು ಅರ್ಧಕ್ಕೆ ಕೆಂಪು, ಇನ್ನೊಂದು ಅರ್ಧಕ್ಕೆ ನೀಲಿ ಬಣ್ಣ ಬಳಿದು, ಮನೆಯಿಂದ ಚಿತ್ರ ತಂದು ಸರಿಯಾದ ಕಡೆ ಅಂಟಿಸಿ ಎಂದು ಮಕ್ಕಳಿಗೆ ಹೇಳಿದ್ದಳು. ಒಲೆ ಬಂತು, ಐಸ್‌ಕ್ರೀಮ್ ಬಂತು, ಸೂರ್ಯ ಬಂದ. ಒಬ್ಬ ಹುಡುಗ ಮಾತ್ರ ತನ್ನ ಅಪ್ಪನ ಫೋಟೋ ತಂದು ಕೆಂಪು ಕಡೆ ಅಂಟಿಸಿದ್ದ.

"ಅಪ್ಪನ್ನ ಯಾಕೋ ಇಲ್ಲಿ ಅಂಟಿಸಿದೆ ಅಂತ ಕೇಳಿದ್ರೆ, 'ನಮ್ಮಪ್ಪ ಯಾವಾಗ್ಲೂ ಬಿಸಿ ಮಿಸ್, ಅಮ್ಮ ಫೋನಲ್ಲಿ ಎಲ್ಲರಿಗೂ ಹೇಳ್ತಾಳೆ' ಅಂತಾನೆ!"

ಇಸ್ತ್ರಿಯಜ್ಜಿ ಕುಳಿತಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ನಗಬೇಡಮ್ಮ. ಇನ್ನೊಬ್ಬಳಿದ್ದಾಳೆ, ಯಾಕಮ್ಮ ಅಂತ ಹೆಸರಿಟ್ಟಿದ್ದೀವಿ. ಎಲ್ಲದಕ್ಕೂ ಯಾಕೆ, ಯಾಕೆ. ಹಾಲು ಆರಿದ ಮೇಲೆ ಕುಡೀಬೇಕು ಅಂದೆ. 'ಆರಾದ್ಮೇಲೆ ಏಳು ಬರುತ್ತಲ್ಲ ಮಿಸ್, ಏಳಾದ್ಮೇಲೆ ಕುಡಿದ್ರೆ ಯಾಕೆ ಆಗಲ್ಲ?' ಅಂದಳು. ನಾನೇನು ಹೇಳಲಿ?"

"ಎಂಟಕ್ಕೆ ಕೆಟ್ಟುಹೋಗುತ್ತೆ ಅನ್ನಬೇಕಿತ್ತು."

"ಅಮ್ಮಾ! ಬಾಯಲ್ಲಿ ಬಿಸಿ ಅಂತಾರೆ, ತಣ್ಣಗೆ ಅಂತಾರೆ. ಅದು ಏನು ಅಂತ ಅವರ ಕೈಗೆ ಗೊತ್ತಿಲ್ಲ. ಬಿಸಿ ಅಂದ್ರೆ ಹುಷಾರಾಗಿರಬೇಕು ಅಂತ ಯಾರಾದ್ರೂ ಗೊತ್ತಿರೋರು ಬಂದು ಹೇಳಿದ್ರೆ ಚೆನ್ನಾಗಿತ್ತು." ಹೀಗೆಂದು ಮಗಳು ತಾಯಿಯ ಮುಖ ನೋಡಿದಳು. ಮರುಗಳಿಗೆಯೇ ಯಾಕಾದರೂ ನೋಡಿದೆನೋ ಎನಿಸಿತು. ಅಷ್ಟರಲ್ಲಿ ತಾಯಿ ಎದ್ದು, ನಾಳೆ ಶಿಶುವಿಹಾರಕ್ಕೆ ತೊಡುವ ಬಟ್ಟೆ ಇಸ್ತ್ರಿ ಮಾಡಲು ಹೊರಟಾಗಿತ್ತು.

ಮರುದಿನ ಶಿಶುವಿಹಾರದಲ್ಲಿ ಪಾಠ ಚೆನ್ನಾಗಿಯೇ ಶುರುವಾಯಿತು. ಮಕ್ಕಳು ಚಾಪೆಯ ಮೇಲೆ, ಅಜ್ಜಿ ಅವರ ಎದುರಿಗೆ ಮಕ್ಕಳದೇ ಪುಟ್ಟ ಕುರ್ಚಿಯಲ್ಲಿ ಮಂಡಿ ಗಲ್ಲಕ್ಕೆ ತಾಗುವಂತೆ.

"ಇಸ್ತ್ರಿ ಪೆಟ್ಟಿಗೆಗೆ ಹಲ್ಲಿಲ್ಲ," ಎಂದಳು ಅಜ್ಜಿ, ದನಿ ತಗ್ಗಿಸಿ. "ಆದ್ರೂ ಕಚ್ಚುತ್ತೆ. ನಾಯಿ ಕಚ್ಚೋ ಮುಂಚೆ ಗುರ್ ಅನ್ನುತ್ತೆ. ಇದು ಏನೂ ಅನ್ನಲ್ಲ. ಸುಮ್ನೆ ಕೂತಿರುತ್ತೆ, ಒಳ್ಳೇವರ ಹಾಗೆ."

ಮಕ್ಕಳು ಒಬ್ಬರಿಗೊಬ್ಬರು ಒತ್ತಿಕೊಂಡು ಕೂತರು. ಮೂಲೆಯಲ್ಲಿ ನಿಂತಿದ್ದ ಮಗಳಿಗೆ ಸ್ವಲ್ಪ ಸಮಾಧಾನವಾಯಿತು. ಅಮ್ಮ ಪರವಾಗಿಲ್ಲ ಎಂದುಕೊಂಡಳು.

ಆ ಹೊತ್ತಿಗೆ ಸರಿಯಾಗಿ ಆಯಾ ಅತಿಥಿಗೆಂದು ಚಹಾ ತಂದಿಟ್ಟಳು. ಸ್ಟೀಲ್ ಲೋಟ, ಮೇಲೆ ಹಬೆ. ಸಿಕ್ಕಿದ ಅವಕಾಶವನ್ನು ಟೀಚರ್ ಬಿಟ್ಟಾಳೆಯೇ?

"ನೋಡಿ ಮಕ್ಕಳೇ, ಲೋಟದಿಂದ ಏನು ಬರ್ತಿದೆ?"

"ಹೊಗೆ!"

"ಅದು ಹಬೆ. ಹಬೆ ಬರ್ತಿದ್ರೆ ಲೋಟ ಬಿಸಿ ಅಂತ ಅರ್ಥ. ಅದನ್ನ ಮುಟ್ಟಬಹುದಾ?"

"ಮುಟ್ಟಬಾ...ರ್ದು!" ಎಂದು ಮಕ್ಕಳು ಕೂಗಿ ಮುಗಿಸುವುದರೊಳಗೆ ಅಜ್ಜಿ ಲೋಟವನ್ನು ಐದೂ ಬೆರಳಲ್ಲಿ ಬಳಸಿ ಎತ್ತಿ, ಸೊರ್ ಸೊರ್ ಎಂದು ಅರ್ಧ ಹೀರಿ, ಬಾಯಿ ಒರೆಸಿಕೊಂಡಳು.

ನಿಜ ಹೇಳಬೇಕೆಂದರೆ ಅವಳು ಬೇಕೆಂದು ಮಾಡಿದ್ದಲ್ಲ. ಎದುರಿಗೆ ಚಹಾ ಇತ್ತು, ಬಾಯಾರಿತ್ತು, ಕುಡಿದಳು. ಆದರೆ ತಲೆ ಎತ್ತಿದಾಗ ಕೋಣೆ ತುಂಬ ತೆರೆದ ಬಾಯಿಗಳು. ಮೆಟ್ಟಿಲ ಕೆಳಗಿನ ಸಂದಿ ಬಿಟ್ಟ ಮೇಲೆ ಯಾರೂ ಅವಳನ್ನು ಹಾಗೆ ನೋಡಿರಲಿಲ್ಲ.

"ಅಜ್ಜೀ, ಯಾಕೆ ಸುಡ್ಲಿಲ್ಲ?" ಕೇಳಿದವಳು ಯಾಕಮ್ಮನೇ. ಎರಡು ಜುಟ್ಟು, ಒಂದು ಮೇಲೆ ಒಂದು ಕೆಳಗೆ.

ಅಜ್ಜಿಯ ಬಾಯಿಂದ ಆಡಬಾರದ ಮಾತು ಆಗ ಜಾರಿತು. "ಬಿಸಿಗೆ ನಾನು ಅಂದ್ರೆ ಭಯ," ಎಂದಳು. ಮಾತು ಸಾಲದೆಂದು ಲೋಟವನ್ನು ಎರಡೂ ಅಂಗೈಗಳ ನಡುವೆ ಇಟ್ಟು ಹಿಟ್ಟು ಹೊಸೆದಂತೆ ಹೊಸೆದೂ ತೋರಿಸಿದಳು. ಮೂಲೆಯಲ್ಲಿ ಮಗಳು ಕಣ್ಣು, ಹುಬ್ಬು, ಕುತ್ತಿಗೆ ಎಲ್ಲದರಲ್ಲೂ ಸನ್ನೆ ಮಾಡುತ್ತಿದ್ದಳು. ಅಜ್ಜಿ ಆ ಕಡೆ ನೋಡಲೇ ಇಲ್ಲ.

ಮಾರನೆಯ ಬೆಳಿಗ್ಗೆ ಶಿಶುವಿಹಾರದ ಗೇಟಿನ ಮುಂದೆ ಮಕ್ಕಳಿಗಿಂತ ಮೊದಲು ತಂದೆತಾಯಂದಿರು ಸೇರಿದ್ದರು. ಒಬ್ಬ ಹುಡುಗ ಕುದಿಯುವ ಹಾಲಿನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತು, "ನಂಗೆ ಹೆದರ್ಕೋತೀಯೋ ಇಲ್ವೋ?" ಎಂದು ಗದರಿಸಿದ್ದ. ಹಾಲು ಉಕ್ಕಿತ್ತು. ಇನ್ನೊಬ್ಬ ಬಿಸಿನೀರಿನ ಬಕೆಟ್ಟಿಗೆ ಕೈ ಹಾಕಲು ಹೋಗಿ, ತಡೆದ ಅಪ್ಪನಿಗೆ, "ನೀವು ದೂರ ಇರಿ, ನಿಮಗೆ ಭಯ," ಎಂದಿದ್ದ. ಯಾಕಮ್ಮ ಮಾತ್ರ ಯಾರಿಗೂ ಹೇಳದೆ, ಅಮ್ಮ ಆಗಷ್ಟೇ ಕೆಳಗಿಟ್ಟ ಬಾಣಲೆಯ ಹಿಡಿಯನ್ನು ಒಂದೇ ಒಂದು ಬೆರಳಿಂದ ಮುಟ್ಟಿ ನೋಡಿದ್ದಳು.

ಎಲ್ಲರೂ ದೊಡ್ಡ ಮಿಸ್ ಎಂದು ಕರೆಯುವ ಮುಖ್ಯೋಪಾಧ್ಯಾಯಿನಿ ಮಗಳನ್ನು ತಮ್ಮ ಕೋಣೆಗೆ ಕರೆಸಿದರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

"ನಿಮ್ಮ ತಾಯಿಯವರು ಇನ್ನು ಈ ಗೇಟಿನ ಒಳಗೆ ಬರೋದು ಬೇಡ," ಎಂದಷ್ಟೇ ಹೇಳಿ ಮುಂದಿನ ಕೆಲಸಕ್ಕೆ ತಿರುಗಿದರು.

ಸಂಜೆ ಮಗಳು ಚಪ್ಪಲಿಯನ್ನು ಎಂದಿನ ಜಾಗದಲ್ಲಿ ಬಿಡಲಿಲ್ಲ. ಒಂದು ಇಲ್ಲಿ, ಇನ್ನೊಂದು ಅಲ್ಲಿ ಹಾರಿತು. ಇಸ್ತ್ರಿಯಜ್ಜಿಗೆ ಪರಿಸ್ಥಿತಿ ಅರ್ಥವಾಯಿತು. ಆದರೂ ಹಾಲಿನ ಕಥೆ ಕೇಳಿದಾಗ ನಗು ತಡೆಯಲಾಗಲಿಲ್ಲ. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಮಗಳು ಯಾಕಮ್ಮನ ಬೆರಳಿನ ಸುದ್ದಿ ಹೇಳಿದಳು. ನಗು ನಿಂತಿತು.

"ದೊಡ್ಡ ಗುಳ್ಳೆನಾ?"

"ಚಿಕ್ಕದು. ಆದ್ರೆ ಗುಳ್ಳೆ ಗುಳ್ಳೆನೇ ಅಲ್ವೇನಮ್ಮ? ಅಷ್ಟು ಪುಟ್ಟ ಬೆರಳು."

"ಅತ್ತಳಾ?"

"ಇಲ್ವಂತೆ. 'ಅಜ್ಜಿಗೆ ಹೆದರುತ್ತೆ, ನಂಗೆ ಯಾಕೆ ಹೆದರಲ್ಲ' ಅಂತ ರಾತ್ರಿಯೆಲ್ಲ ಕೇಳಿದಳಂತೆ."

ಅಜ್ಜಿ ತನ್ನ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ತಿರುಗಿಸಿ ಮುರುಗಿಸಿ ನೋಡಿದಳು. ಬೆರಳ ತುದಿಗಳು ನುಣ್ಣಗೆ, ಹಳದಿಯಾಗಿ, ಕೊಂಬಿನಿಂದ ಮಾಡಿದ ಅಂಗಿಗುಂಡಿಗಳ ಹಾಗೆ ಹೊಳೆಯುತ್ತಿದ್ದವು.

"ಒಂದು ಮಾತು ಹೇಳ್ತೀನಿ, ಬೈಬೇಡ," ಎಂದಳು. "ನಾನು ಅಂಗಡಿ ಬಿಟ್ಟಿದ್ದು ಮಂಡಿ ನೋವಿಗಲ್ಲ ಕಣೇ."

"ಮತ್ತೆ?"

"ಯಾವ ಬಟ್ಟೆ ರೇಷ್ಮೆ, ಯಾವುದು ಹತ್ತಿ ಅಂತ ಮುಟ್ಟಿದ್ರೆ ಗೊತ್ತಾಗ್ತಿರಲಿಲ್ಲ. ಕಡೆಕಡೆಗೆ ಬರೀ ಕಣ್ಣಲ್ಲಿ ನೋಡಿ ಇಸ್ತ್ರಿ ಮಾಡ್ತಿದ್ದೆ. ಒಂದಿನ ಒಬ್ಬರ ರೇಷ್ಮೆಗೆ ಕಾವು ಜಾಸ್ತಿ ಆಗಿ ಇನ್ನೇನು ಸುಟ್ಟೇ ಹೋಗ್ತಿತ್ತು. ಬಿಸಿ ತಾಗ್ತಿಲ್ಲ ಅಂತ ನಾನು ಮೆರೀತಿದ್ದೆ. ಯಾವುದೂ ತಾಗ್ತಿಲ್ಲ ಅಂತ ಆವತ್ತು ಗೊತ್ತಾಯ್ತು."

ಮಗಳಿಗೆ ಕೋಪ ಇನ್ನೂ ಇತ್ತು. ಆದರೆ ಅದನ್ನು ಎಲ್ಲಿಡುವುದೆಂದು ಈಗ ತಿಳಿಯಲಿಲ್ಲ. ಎದ್ದು ಹೋಗಿ ಚಪ್ಪಲಿಗಳನ್ನು ಜೋಡಿಸಿಟ್ಟು ಬಂದಳು.

"ಇದನ್ನ ಮಕ್ಕಳಿಗೆ ಹೇಳಬೇಕಿತ್ತಮ್ಮ ನೀನು."

"ಹೇಳ್ತೀನಿ."

"ಹೇಗೆ ಹೇಳ್ತೀಯ? ಗೇಟಿನ ಒಳಗೆ ಬರಬಾರ್ದು ಅಂದಿದ್ದಾರೆ."

"ಗೇಟಿನ ಒಳಗೆ ತಾನೇ?" ಎಂದಳು ಇಸ್ತ್ರಿಯಜ್ಜಿ. ಆ ದನಿ ಮಗಳಿಗೆ ಹುಟ್ಟಿದಾಗಿನಿಂದ ಪರಿಚಯ.

ಮರುದಿನ ಆಟದ ಬಿಡುವಿನ ಹೊತ್ತಿಗೆ ಮಕ್ಕಳು ಅಂಗಳಕ್ಕೆ ಬಂದಾಗ, ಕಬ್ಬಿಣದ ಸರಳುಗಳ ಗೇಟಿನ ಆಚೆ ಅಜ್ಜಿ ನಿಂತಿದ್ದಳು. ಕಾಲು ರಸ್ತೆಯಲ್ಲೇ. ಎರಡು ಕೈ ಮಾತ್ರ ಸರಳುಗಳ ನಡುವಿನಿಂದ ಶಾಲೆಯೊಳಗೆ ಬಂದಿದ್ದವು, ಅಂಗೈ ಮೇಲೆ ಮಾಡಿ. ಕಣ್ಣು ಮುಚ್ಚಿದ್ದಳು.

"ಯಾರಾದ್ರೂ ಏನಾದ್ರೂ ಕೊಡಿ," ಎಂದು ಕೂಗಿದಳು. "ಏನು ಅಂತ ಹೇಳ್ತೀನಿ. ತಪ್ಪಾದ್ರೆ ನಗಬಹುದು."

ಅಂಥ ಆಹ್ವಾನ ಯಾವ ಮಗು ಬಿಟ್ಟೀತು? ಒಬ್ಬ ಎಲೆ ಇಟ್ಟ.

"ಕಾಗದ," ಎಂದಳು.

ಮಕ್ಕಳು ಕುಣಿದರು. ಇನ್ನೊಬ್ಬ ರಬ್ಬರು ಇಟ್ಟ. "ಕಲ್ಲು." ಹಕ್ಕಿಯ ಪುಕ್ಕ ಇಟ್ಟರು. "ಇನ್ನೂ ಏನೂ ಇಟ್ಟಿಲ್ಲ, ಬೇಗ ಇಡ್ರೋ." ನಗುವಿನ ಅಬ್ಬರಕ್ಕೆ ದಾರಿಹೋಕರೂ ನಿಂತರು. ಆಯಾ ಪೊರಕೆ ಹಿಡಿದೇ ಓಡಿಬಂದಳು. ಮಗಳು ಕಂಬದ ಮರೆಯಲ್ಲಿ ನಿಂತು, ಬರಬೇಕೋ ಬೇಡವೋ ಎಂದು ಉಗುರು ಕಚ್ಚುತ್ತಿದ್ದಳು.

ಆಮೇಲೆ ಯಾಕಮ್ಮ ಬಂದಳು. ಬೆರಳಿಗೆ ಬೆರಳಿಗಿಂತ ದೊಡ್ಡ ಬ್ಯಾಂಡೇಜು. ಅದನ್ನು ಮೇಲೆತ್ತಿ ಹಿಡಿದುಕೊಂಡು, ಇನ್ನೊಂದು ಕೈಯನ್ನು ಅಜ್ಜಿಯ ಅಂಗೈಯಲ್ಲಿಟ್ಟಳು.

"ಇದು ನನ್ನ ಕೈ. ಬಿಸಿನಾ, ತಣ್ಣಗಿದೆಯಾ?"

ಅಜ್ಜಿ ಅದರ ಮೇಲೆ ಬೆರಳಾಡಿಸಿದಳು. ಹಿಚುಕಿದಳು. ಕಣ್ಣು ತೆರೆದಳು.

"ಗೊತ್ತಾಗ್ತಿಲ್ಲ ಪುಟ್ಟಿ."

"ಬಿಸಿಗೆ ನೀವಂದ್ರೆ ಭಯ ಅಂದ್ರಲ್ಲ?"

"ಸುಳ್ಳು ಹೇಳಿದೆ. ಮೊದಮೊದಲು ನಂಗೂ ಸುಡ್ತಿತ್ತು, ನಿನ್ನ ಹಾಗೇ. ಕೈ ಹಿಂದಕ್ಕೆ ತಗೋ, ತಗೋ ಅಂತ ಬೆರಳು ಹೇಳೋದು. ನಾನು ಕೇಳ್ತಿರಲಿಲ್ಲ. ಹೇಳಿ ಹೇಳಿ ಸಾಕಾಗಿ ಅದು ನನ್ನ ಹತ್ರ ಮಾತೇ ಬಿಟ್ಟುಬಿಡ್ತು. ಈಗ ಬಿಸಿನೂ ಹೇಳಲ್ಲ, ತಣ್ಣಗಿದ್ರೂ ಹೇಳಲ್ಲ. ನಿನ್ನ ಕೈ ಮೆತ್ತಗಿದೆ ಅಂತಾನೂ ಹೇಳಲ್ಲ. ನಿನ್ನ ಬೆರಳು ಜಾಣ. ಉರೀತು ಅಂತ ಹೇಳ್ತಲ್ಲ, ಅದರ ಮಾತು ಕೇಳು."

ಕುಣಿಯುತ್ತಿದ್ದ ಮಕ್ಕಳು ತಮ್ಮ ತಮ್ಮ ಬೆರಳು ನೋಡಿಕೊಂಡರು. ಒಬ್ಬ ತನ್ನ ಬೆರಳುಗಳನ್ನು ಕಿವಿಯ ಹತ್ತಿರ ಹಿಡಿದು, ಏನಾದರೂ ಹೇಳುತ್ತಿವೆಯೇ ಎಂದು ಕೇಳಿಸಿಕೊಂಡ.

ಯಾಕಮ್ಮ ಹುಬ್ಬು ಗಂಟಿಕ್ಕಿದಳು. "ಕೆನ್ನೆ? ಕೆನ್ನೆನೂ ಮಾತು ಬಿಟ್ಟಿದೆಯಾ?"

ಈ ಪ್ರಶ್ನೆಯನ್ನು ಯಾರೂ ಇಸ್ತ್ರಿಯಜ್ಜಿಗೆ ಕೇಳಿರಲಿಲ್ಲ. ಅವಳು ಕಷ್ಟಪಟ್ಟು ಬಗ್ಗಿ ಸರಳುಗಳ ನಡುವೆ ಕೆನ್ನೆ ಒತ್ತಿದಳು. ಯಾಕಮ್ಮ ಅಂಗೈಯನ್ನು ಅದರ ಮೇಲಿಟ್ಟಳು.

"ಬೆಚ್ಚಗಿದೆ," ಎಂದಳು ಅಜ್ಜಿ. "ಅಂಟಂಟಾಗಿದೆ. ಬಿಸ್ಕತ್ತು ತಿಂದು ಕೈ ತೊಳ್ದಿಲ್ಲ ನೀನು."

ಇನ್ನು ಕೇಳಬೇಕೆ? ಎಲ್ಲರಿಗೂ ಅಜ್ಜಿಯ ಕೆನ್ನೆ ಬೇಕಾಯಿತು. ಬಿಸಿಲಲ್ಲಿದ್ದ ಕಲ್ಲು ಬಂತು, ನೆರಳಲ್ಲಿದ್ದ ಕಲ್ಲು ಬಂತು, ನಲ್ಲಿಯಲ್ಲಿ ನೆನೆಸಿದ ಕೈಗಳು ಬಂದವು. ಅಜ್ಜಿ ಒಂದೊಂದನ್ನೂ ಸರಿಯಾಗಿ ಹೇಳಿದಳು. ಮಕ್ಕಳು ತಮ್ಮ ಕೆನ್ನೆಗೂ ಒತ್ತಿ ನೋಡಿ, ಹೌದು ಹೌದು ಎಂದರು. ಮಗಳು ಕೆಂಪು-ನೀಲಿ ಹಾಳೆಯಲ್ಲಿ ವಾರವಿಡೀ ಹೇಳಿಕೊಟ್ಟದ್ದು ಅಂಗಳದಲ್ಲಿ ಕೈಯಿಂದ ಕೈಗೆ, ಕೆನ್ನೆಯಿಂದ ಕೆನ್ನೆಗೆ ಓಡಾಡಿತು.

ಅಷ್ಟಕ್ಕೇ ನಿಂತಿದ್ದರೆ ದೊಡ್ಡ ಮಿಸ್‌ಗೆ ತಿಳಿಯುತ್ತಿರಲಿಲ್ಲ. ಆದರೆ ಬಿದ್ದು ಪೆಟ್ಟು ಮಾಡಿಕೊಳ್ಳುವ ಮಕ್ಕಳಿಗೆಂದು ಅಡುಗೆಮನೆಯ ಫ್ರಿಜ್ಜಿನಲ್ಲಿ ಸದಾ ಐಸ್ ಇರುತ್ತಿತ್ತು. ಯಾರು ತಂದರೋ, ಯಾರ ಕೈಗೆ ಕೊಟ್ಟರೋ, ಆಯಾ ಮಾತ್ರ ಬೇರೆ ಕಡೆ ನೋಡುತ್ತ ಬಹಳ ಶ್ರದ್ಧೆಯಿಂದ ಕಸ ಗುಡಿಸುತ್ತಿದ್ದಳು. ಐಸಿನ ದೊಡ್ಡ ಗಟ್ಟಿಯೊಂದು ಅಜ್ಜಿಯ ಕೆನ್ನೆಗೆ ತಾಗಿತು, ಅಲ್ಲಿಂದ ಜಾರಿ ರವಿಕೆಯ ಕತ್ತಿನೊಳಗೆ ಇಳಿಯಿತು.

ಅಜ್ಜಿ ಹೊಡೆದ ಕೂಗಿಗೆ ಮರದ ಮೇಲಿನ ಕಾಗೆಗಳು ಎದ್ದವು. ಎರಡು ಆಟೋ ನಿಂತವು. ದೊಡ್ಡ ಮಿಸ್ ಕನ್ನಡಕ ಕೈಯಲ್ಲಿ ಹಿಡಿದು ಹೊರಗೆ ಓಡಿಬಂದರು. ಬಂದು ನೋಡಿದರೆ, ಗೇಟಿನ ಸರಳುಗಳ ನಡುವೆ ಒದ್ದೆಯಾದ ಒಂದು ಮುದಿ ಕೆನ್ನೆ.

"ಏನಮ್ಮಾ ಇದು? ಒಳಗೆ ಬರಬೇಡಿ ಅಂತ ಹೇಳಿದ್ನಲ್ಲ?"

"ನಾನು ಬಂದಿಲ್ಲ ಮೇಡಂ," ಎಂದಳು ಅಜ್ಜಿ, ಐಸು ಬೆನ್ನಲ್ಲಿ ಇಳಿಯುತ್ತಿದ್ದ ಹಾಗೇ ಮೈ ಹೊರಳಿಸುತ್ತ. "ನನ್ನ ಕೆನ್ನೆ ಬಂದಿದೆ. ಅದಕ್ಕೆ ನೀವು ಏನೂ ಹೇಳಿರಲಿಲ್ಲ."

ಯಾಕಮ್ಮ ದೊಡ್ಡ ಮಿಸ್ ಅವರ ಕೈಬೆರಳು ಹಿಡಿದು ಎಳೆದಳು. "ಮಿಸ್, ನೀವೂ ಇಡಿ. ಅಜ್ಜಿಯ ಬೆರಳು ಮಾತು ಬಿಟ್ಟಿದೆ, ಕೆನ್ನೆ ಇನ್ನೂ ಮಾತಾಡುತ್ತೆ."

ಅದೇನೆಂದು ಅವರಿಗೆ ಅರ್ಥವಾಗಲಿಲ್ಲ. ಆಗ ಮಗಳು ಕಂಬದ ಮರೆಯಿಂದ ಬಂದು, ತಗ್ಗಿದ ದನಿಯಲ್ಲಿ, ತಾಯಿಯ ಬೆರಳಿನ ವಿಷಯ ಹೇಳಿದಳು. ಅಷ್ಟು ಹೊತ್ತಿಗೆ ಗೇಟಿನ ಹೊರಗೆ ಜನ ಸೇರಿ ರಸ್ತೆ ಕಟ್ಟಿಕೊಂಡಿತ್ತು, ಹಿಂದಿನಿಂದ ಹಾರ್ನ್ ಹೊಡೆಯುತ್ತಿದ್ದರು. ದೊಡ್ಡ ಮಿಸ್ ಅಜ್ಜಿಯ ಬೆರಳುಗಳನ್ನು ಒಂದು ಕ್ಷಣ ನೋಡಿದರು. ಕನ್ನಡಕ ಹಾಕಿಕೊಂಡು ಮತ್ತೆ ನೋಡಿದರು. ಆಮೇಲೆ ತಾವೇ ಅಗುಳಿ ಎಳೆದರು.

"ಪೂರ್ತಿ ಒಳಗೆ ಬನ್ನಿ. ಕೆನ್ನೆ ಒಂದನ್ನೇ ಒಳಗಿಟ್ಟುಕೊಂಡು ನಾನೇನು ಮಾಡಲಿ?"

ಹೀಗೆ ಇಸ್ತ್ರಿಯಜ್ಜಿಗೆ ಶಿಶುವಿಹಾರದಲ್ಲಿ ವಾರಕ್ಕೊಂದು ತರಗತಿ ಸಿಕ್ಕಿತು. ಕಟ್ಟುಪಾಡುಗಳೂ ಜೊತೆಗೇ ಬಂದವು. ತರಗತಿಯೊಳಗೆ ಚಹಾ ತರುವ ಹಾಗಿಲ್ಲ. ಗೊತ್ತಿಲ್ಲದ ವಸ್ತುವಿಗೆ ಮೊದಲು ಅಂಗೈಯ ಹಿಂಬದಿಯನ್ನು ದೂರದಿಂದ ಹಿಡಿದು ಕಾವು ಬರುತ್ತದೆಯೇ ನೋಡಬೇಕು, ಬಂದರೆ ದೊಡ್ಡವರನ್ನು ಕೂಗಬೇಕು. ಇದನ್ನು ಮಗಳು ಹೇಳಿಕೊಟ್ಟಳು, ಅಜ್ಜಿ ಮಾಡಿ ತೋರಿಸಿದಳು. ಕೆಲವೊಮ್ಮೆ ಬೇಕೆಂದೇ ತಪ್ಪು ಮಾಡುತ್ತಿದ್ದಳು, ಮಕ್ಕಳಿಂದ ಬೈಸಿಕೊಳ್ಳುವ ಆಸೆಗೆ. ಯಾಕಮ್ಮನ ಗುಳ್ಳೆ ಬೇಗ ಒಣಗಿತು. ಬ್ಯಾಂಡೇಜನ್ನು ಅವಳು ಬಹಳ ದಿನ ಬಿಚ್ಚಗೊಡಲಿಲ್ಲ. ಅದರಿಂದಾಗಿ ಸಾಲಿನಲ್ಲಿ ಅವಳಿಗೆ ಮೊದಲ ಜಾಗ ಸಿಗುತ್ತಿತ್ತು.

ಅಜ್ಜಿಗೆ ಮಾತ್ರ ಹೊಸದೊಂದು ಹುಚ್ಚು ಹಿಡಿಯಿತು. ಕಂಡದ್ದನ್ನೆಲ್ಲ ಕೆನ್ನೆಗೆ ಒತ್ತುವುದು. ತರಕಾರಿ ಅಂಗಡಿಯಲ್ಲಿ ಬದನೆಕಾಯಿ, ಹಗ್ಗದ ಮೇಲೆ ಒಣಗಿದ ಬಟ್ಟೆ, ಪಕ್ಕದ ಮನೆಯ ಬೆಕ್ಕು. ಬೆಕ್ಕು ಒಪ್ಪಲಿಲ್ಲ, ಪರಚಿತು. ಬಟ್ಟೆ ಅಂಗಡಿಯಲ್ಲಿ ಸೀರೆಯೊಂದನ್ನು ಕೆನ್ನೆಗೆ ಹಿಡಿದು ಕಣ್ಣು ಮುಚ್ಚಿ ನಿಂತಿದ್ದಾಗ ಮಾರುವವನು ಗಾಬರಿಯಿಂದ, "ಅಮ್ಮಾ, ಹುಷಾರಿಲ್ವಾ?" ಎಂದು ಕೇಳಿದ. "ಚೆನ್ನಾಗಿದ್ದೀನಪ್ಪ," ಎಂದಳು. "ಇದು ನೀನು ಹೇಳಿದಷ್ಟು ರೇಷ್ಮೆ ಅಲ್ಲ, ಅಷ್ಟೇ."

ಒಂದು ಬೆಳಿಗ್ಗೆ ಮಗಳು ಇನ್ನೂ ಹಾಸಿಗೆಯಲ್ಲಿದ್ದಾಗ ತಾಯಿ ಬಂದು ಬಗ್ಗಿ, ಅವಳ ಹಣೆಗೆ ತನ್ನ ಕೆನ್ನೆ ಒತ್ತಿದಳು. ಮಗಳಿಗೆ ಎಚ್ಚರವಾಯಿತು. ಚಿಕ್ಕಂದಿನಿಂದಲೂ ತಾಯಿಯ ಮುಖ ಅಷ್ಟು ಹತ್ತಿರ ಬಂದದ್ದು ಕಡಿಮೆ. ಆಗೆಲ್ಲ ಅವಳ ಕೈಯಲ್ಲಿ ಇಸ್ತ್ರಿ ಇರುತ್ತಿತ್ತು. ಮಗಳು ಕಣ್ಣು ಮುಚ್ಚಿಕೊಂಡೇ ಮಲಗಿದ್ದಳು.

"ಕೆಂಡದ ಹಾಗೆ ಸುಡ್ತಿದೀಯಲ್ಲೇ," ಎಂದಳು ತಾಯಿ, ಬಹಳ ಮರುಕದಿಂದ. "ಇವತ್ತು ಏಳಬೇಡ. ಮಲಕ್ಕೋ. ಶಾಲೆ ಕಡೆ ಯೋಚನೆ ಮಾಡಬೇಡ, ನಾನು ನೋಡ್ಕೋತೀನಿ."

ಮಗಳು ಹಣೆ ಮುಟ್ಟಿಕೊಂಡಳು. ಕತ್ತು ಮುಟ್ಟಿಕೊಂಡಳು. ಎರಡೂ ತಣ್ಣಗಿದ್ದವು. ಎದ್ದು ಕೂತು "ಅಮ್ಮಾ!" ಎಂದು ಕೂಗುವಷ್ಟರಲ್ಲಿ ಇಸ್ತ್ರಿಯಜ್ಜಿ ಗರಿಗರಿ ಬಟ್ಟೆ ತೊಟ್ಟು, ಮಗಳ ಹಾಜರಿ ಪುಸ್ತಕವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬೀದಿಯ ತಿರುವು ದಾಟಿ ಆಗಿತ್ತು. ಮಂಡಿ ನೋವಿನವಳು ಅಷ್ಟು ಬೇಗ ನಡೆಯುವುದನ್ನು ಆ ಬೀದಿ ಅದುವರೆಗೆ ಕಂಡಿರಲಿಲ್ಲ.